ಹೊರಗು, ಬಾಣಂತನ, ರಜೆ: ಕಡೂರು–ತರೀಕೆರೆ–ಅಜ್ಜಂಪುರ ಸೀಮೆಯ ಸ್ತ್ರೀದೇಹದ ನುಡಿ ಮತ್ತು ವೇತನಸಹಿತ ರಜೆಯ ಪ್ರಶ್ನೆ

1

ಕರ್ನಾಟಕ ಸರ್ಕಾರದ ಸಚಿವ ಸಂಪುಟವು 2025ರ ಅಕ್ಟೋಬರ್ 9ರಂದು ಋತುಚಕ್ರ ರಜೆ ನೀತಿಗೆ ಒಪ್ಪಿಗೆ ನೀಡಿತು. ತಿಂಗಳಿಗೆ ಒಂದರಂತೆ ವರ್ಷಕ್ಕೆ 12 ದಿನಗಳ ವೇತನಸಹಿತ ರಜೆಯನ್ನು ಸರ್ಕಾರಿ ಹಾಗೂ ಖಾಸಗಿ ವಲಯಗಳೆರಡರ ಮಹಿಳೆಯರಿಗೂ ನೀಡುವುದು ಈ ನೀತಿಯ ಸಾರ. ನೀತಿಯನ್ನು ಕುರಿತ ಚರ್ಚೆ ಬಹುಮಟ್ಟಿಗೆ ಕಾನೂನು, ಉದ್ಯಮ ಮತ್ತು ವೈದ್ಯಕೀಯ ಕ್ಷೇತ್ರಗಳ ಪರಿಭಾಷೆಯಲ್ಲಿ ನಡೆಯಿತು. ಆದರೆ ಮುಟ್ಟು, ಹೆರಿಗೆ, ಬಾಣಂತನಗಳನ್ನು ಕುರಿತು ಕನ್ನಡ ನುಡಿಯೂ ಕನ್ನಡ ನಾಡಿನ ಆಚರಣೆಗಳೂ ತಮ್ಮದೇ ಆದ ಒಂದು ದೀರ್ಘ ನೆನಪನ್ನು ಇಟ್ಟುಕೊಂಡಿವೆ. ಹೆಣ್ಣು ತಿಂಗಳಿನ ಕೆಲವು ದಿನ ಎಂದಿನ ಕೆಲಸದಿಂದ ಬೇರೆಯಾಗಿ ನಿಲ್ಲುವುದು ನಮ್ಮ ಸಮಾಜಕ್ಕೆ ಹೊಸ ಸಂಗತಿಯೇನಲ್ಲ. ಹಾಗೆ ನಿಲ್ಲುವುದು ಅವಳ ಹಕ್ಕಾಗಿ, ಸಂಬಳ ಕಡಿತವಿಲ್ಲದೆ ದೊರೆಯುವುದು ಹೊಸತು. ಈ ಹಳತು ಹೊಸತುಗಳ ನಡುವಿನ ಸಂಬಂಧವೇನು? ಹೊಸ ರಜೆ ಹಳೆಯ ‘ಹೊರಗಿ’ನ ನಿರಾಕರಣೆಯೋ, ಅದರ ಮುಂದುವರಿಕೆಯೋ? ಈ ಪ್ರಶ್ನೆಯನ್ನು ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಪರಿಸರವನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಸೀಮೆಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. 2017–18ರ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಒಂದಾದ ಅಜ್ಜಂಪುರ ಅದಕ್ಕೆ ಮೊದಲು ತರೀಕೆರೆಯ ಭಾಗವಾಗಿತ್ತು. ಮೂರೂ ತಾಲ್ಲೂಕುಗಳು ಮಲೆನಾಡು ಬಯಲುಸೀಮೆಗಳು ಕೂಡುವ ಅಂಚಿನಲ್ಲಿವೆ. ಒಂದು ಕಡೆ ಲಿಂಗದಹಳ್ಳಿ, ಲಕ್ಕವಳ್ಳಿಗಳ ಮಲೆ, ಕಾಫಿ, ಅಡಿಕೆ. ಇನ್ನೊಂದು ಕಡೆ ರಾಗಿ, ಈರುಳ್ಳಿ, ತೆಂಗು, ಕುರಿಮಂದೆ. ಕಾಡುಗೊಲ್ಲರ ಹಟ್ಟಿಗಳು, ಲಂಬಾಣಿ ತಾಂಡಾಗಳು, ಲಿಂಗಾಯತ, ಕುರುಬ, ದಲಿತ ಕೇರಿಗಳು ಒಂದಕ್ಕೊಂದು ಹತ್ತಿರದಲ್ಲಿವೆ. ಸರ್ಕಾರಿ ಕಚೇರಿ, ಕಾಲೇಜುಗಳಿರುವ ಪಟ್ಟಣದಿಂದ ಕೆಲವೇ ಮೈಲಿಗಳ ದೂರದಲ್ಲಿ ಮುಟ್ಟಾದವಳನ್ನು ಊರಾಚೆ ಇಡುವ ಸಂಪ್ರದಾಯದ ಹಟ್ಟಿಯೂ ಇದೆ. ರಜೆ ಮತ್ತು ಹೊರಗು ಒಂದೇ ಬಸ್ಸಿನ ದಾರಿಯಲ್ಲಿ ಎದುರಾಗುವ ಸೀಮೆ ಇದು.

2

ಮೊದಲಿಗೆ ನುಡಿಯನ್ನು ಗಮನಿಸೋಣ. ಈ ದೇಹಸ್ಥಿತಿಗೆ ಕನ್ನಡದಲ್ಲಿರುವ ಪದಗಳನ್ನು ಸ್ಥೂಲವಾಗಿ ನಾಲ್ಕು ಗುಂಪುಗಳಾಗಿ ವಿಂಗಡಿಸಬಹುದು. ಸ್ಪರ್ಶವನ್ನು ಆಧರಿಸಿದವು ಮೊದಲನೆಯ ಗುಂಪು: ಮುಟ್ಟು, ಮುಟ್ಟಾಗು, ಮುಟ್ಟುಚಿಟ್ಟು. ಸ್ಥಳವನ್ನು ಆಧರಿಸಿದವು ಎರಡನೆಯದು: ಹೊರಗಾಗು, ಹೊರಗೆ ಕೂರು, ದೂರ ಕೂರು, ಮೂಲೆ ಸೇರು. ಕಾಲ ಹಾಗೂ ಬೆಳವಣಿಗೆಯನ್ನು ಆಧರಿಸಿದವು ಮೂರನೆಯದು: ಮೈನೆರೆ, ದೊಡ್ಡವಳಾಗು, ಋತುಮತಿ, ಮಾಸಿಕ. ಮರೆಮಾತುಗಳು ನಾಲ್ಕನೆಯದು: ಹೊಟ್ಟೆನೋವು, ಡೇಟು, ಪೀರಿಯಡ್ಸ್.

ಇವುಗಳಲ್ಲಿ ‘ಮುಟ್ಟು’ ವಿಶೇಷ ಗಮನಕ್ಕೆ ಅರ್ಹವಾದ ಪದ. 1894ರಲ್ಲಿ ಪ್ರಕಟವಾದ ಕಿಟ್ಟೆಲ್ ಅವರ ನಿಘಂಟು ಈ ರೂಪಕ್ಕೆ ತಾಕುವುದು, ಋತುಸ್ರಾವ, ಉಪಕರಣ ಎಂಬ ಅರ್ಥಗಳನ್ನು ಕೊಡುತ್ತದೆ. ಮುಟ್ಟಬಾರದವಳನ್ನು ಸೂಚಿಸುವುದಕ್ಕೆ ‘ಮುಟ್ಟು’ ಎಂಬ ಪದವೇ ನಿಂತಿರುವುದು ಒಂದು ವೈಪರೀತ್ಯ. ನಿಷೇಧವು ತಾನು ನಿಷೇಧಿಸುವ ಕ್ರಿಯೆಯ ಹೆಸರನ್ನೇ ಹೊತ್ತುಕೊಂಡಿದೆ. ರೈತನ ಕೈಯಲ್ಲಿರುವ ನೇಗಿಲು, ಕುಂಟೆ, ಕುಡುಗೋಲುಗಳಿಗೂ ‘ಮುಟ್ಟು’ ಎಂಬ ಹೆಸರು ಸಲ್ಲುತ್ತಿತ್ತು ಎಂಬುದನ್ನು ಇಲ್ಲಿಯೇ ನೆನೆಯಬೇಕು. ದುಡಿಮೆಯ ಸಾಧನ ಮತ್ತು ದುಡಿಮೆಯಿಂದ ದೂರವಿಡುವ ಸ್ಥಿತಿ ಎರಡಕ್ಕೂ ನಮ್ಮ ನುಡಿಯಲ್ಲಿ ಒಂದೇ ರೂಪವಿದೆ. ಈ ಎರಡು ಅರ್ಥಗಳ ಮೂಲ ಒಂದೇ ಎಂದು ಹೇಳುವುದು ಇಲ್ಲಿನ ಉದ್ದೇಶವಲ್ಲ. ಆಡುವವರ ಕಿವಿಯಲ್ಲಿ ಅವು ಕೂಡಿ ಬಾಳಿವೆ ಎಂಬುದಷ್ಟೇ ಮುಖ್ಯ.

‘ರಜೆ’ ಎಂಬ ಪದದ ಕಥೆ ಇನ್ನೂ ಕುತೂಹಲಕರ. ಅರಬ್ಬಿ ಮೂಲದಿಂದ ಪಾರಸಿಯ ಮೂಲಕ ಹಿಂದೂಸ್ತಾನಿ, ಮರಾಠಿಗಳಿಗೂ ಅಲ್ಲಿಂದ ಆಡಳಿತದ ಕನ್ನಡಕ್ಕೂ ಬಂದ ಈ ಪದದ ಮೂಲಾರ್ಥ ‘ಸಮ್ಮತಿ’ ಅಥವಾ ‘ಅನುಮತಿ’. ‘ರಜಸ್ವಲೆ’ಯಲ್ಲಿರುವುದಾದರೋ ಧೂಳು, ಋತುಸ್ರಾವ ಎಂಬ ಅರ್ಥಗಳುಳ್ಳ ಸಂಸ್ಕೃತದ ‘ರಜಸ್’. ಕಿವಿಗೆ ಸಮೀಪವಾದ ಈ ಎರಡು ಶಬ್ದಗಳಿಗೆ ಯಾವ ನಂಟೂ ಇಲ್ಲ. ಆದರೆ ರಜೆಯೆಂದರೆ ಮೂಲತಃ ಇನ್ನೊಬ್ಬರ ಒಪ್ಪಿಗೆ ಎಂಬ ಅಂಶವು ನಮ್ಮ ಚರ್ಚೆಗೆ ಪ್ರಸ್ತುತವಾದುದು. ಕನ್ನಡದ್ದೇ ಆದ ‘ಬಿಡುವು’ ತಾನಾಗಿ ದೊರೆಯುವಂಥದು; ರಜೆಯನ್ನು ಬೇಡಬೇಕು, ಇನ್ನೊಬ್ಬರು ಮಂಜೂರು ಮಾಡಬೇಕು. ಹೊರಗಿಗಾದರೆ ಯಾರೂ ಅರ್ಜಿ ಹಾಕುವುದಿಲ್ಲ, ಅದು ವಿಧಿಸಲ್ಪಡುತ್ತದೆ. ವಿಧಿಸಿದ ಹೊರಗು ಮತ್ತು ಬೇಡಿ ಪಡೆದ ರಜೆ ಇವೆರಡರಲ್ಲಿಯೂ ನಿರ್ಧಾರ ಹೆಣ್ಣಿನ ಕೈಯಲ್ಲಿ ಪೂರ್ಣವಾಗಿ ಇಲ್ಲ ಎಂಬ ಎಚ್ಚರ ನಮಗೆ ಆರಂಭದಲ್ಲಿಯೇ ಇರಬೇಕಾಗುತ್ತದೆ.

ವ್ಯಾಕರಣದ ಒಂದು ಸೂಕ್ಷ್ಮವನ್ನೂ ಇಲ್ಲಿ ಗುರುತಿಸಬಹುದು. ‘ಬಾಣಂತನ ಮಾಡು’ ಎಂಬ ಕ್ರಿಯೆಯ ಕರ್ತೃ ಹೆತ್ತವಳಲ್ಲ, ಅವಳ ಆರೈಕೆ ಮಾಡುವವಳು. ತಾಯಿ ಮಗಳಿಗೆ ಬಾಣಂತನ ಮಾಡುತ್ತಾಳೆ, ಅತ್ತಿಗೆ ನಾದಿನಿಗೆ ಬಾಣಂತನ ಮಾಡುತ್ತಾಳೆ. ಮೊದಲ ಮುಟ್ಟಿನ ಸಂದರ್ಭದಲ್ಲಿಯೂ ಹೀಗೆಯೇ ಬೇರೆ ಕರ್ತೃಗಳಿದ್ದಾರೆ. ಸೋದರಮಾವ ಹಸಿರು ಸೊಪ್ಪಿನ ಗುಡ್ಲು ಹಾಕುತ್ತಾನೆ, ಮುತ್ತೈದೆಯರು ಆರತಿ ಎತ್ತುತ್ತಾರೆ, ಎಳ್ಳು ಬೆಲ್ಲದ ಚಿಗಳಿ ತಿನ್ನಿಸುತ್ತಾರೆ. ಆದರೆ ಎರಡನೆಯ ತಿಂಗಳಿನಿಂದ ಮೊದಲ್ಗೊಂಡು ಮುಟ್ಟು ನಿಲ್ಲುವವರೆಗಿನ ಮೂರು ನಾಲ್ಕು ದಶಕಗಳಲ್ಲಿ ಬಳಕೆಯಾಗುವ ಕ್ರಿಯಾಪದಗಳೆಲ್ಲ ಅವಳೊಬ್ಬಳನ್ನೇ ಕರ್ತೃವಾಗಿ ಉಳ್ಳವು. ಅವಳು ಮುಟ್ಟಾದಳು, ಹೊರಗೆ ಕೂತಳು, ದೂರ ನಿಂತಳು. ಮುಟ್ಟಾದವಳಿಗೆ ಇನ್ನೊಬ್ಬರು ಮಾಡುವ ಆರೈಕೆಗೆ ‘ಬಾಣಂತನ’ದಂತಹ ಒಂದು ಪದ ಕನ್ನಡದ ಸಾಮಾನ್ಯ ಬಳಕೆಯಲ್ಲಿ ಕಾಣುವುದಿಲ್ಲ. ಬಾಣಂತಿಗೆ ನುಡಿ ಆರೈಕೆಯನ್ನು ಕೊಟ್ಟಿದೆ. ಮುಟ್ಟಾದವಳಿಗೆ ಸ್ಥಳವನ್ನಷ್ಟೇ ಕೊಟ್ಟಿದೆ, ಅದೂ ಹೊರಗೆ. ವೇತನಸಹಿತ ರಜೆಯ ಪ್ರಶ್ನೆಯನ್ನು ಕನ್ನಡದ ಒಳಗಿನಿಂದ ನೋಡಿದರೆ ಅದು ಈ ಇಲ್ಲದ ಕರ್ತೃವಿನ ಪ್ರಶ್ನೆಯಾಗಿದೆ ಎನ್ನಬಹುದು.

3

ಹೊರಗಿನ ಪರಿಕಲ್ಪನೆ ಅತ್ಯಂತ ಸ್ಪಷ್ಟವಾಗಿ ಭೌತಿಕ ರೂಪ ಪಡೆದಿರುವುದು ಕಾಡುಗೊಲ್ಲರ ಹಟ್ಟಿಗಳಲ್ಲಿ. ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲಿ ಹೆಚ್ಚಾಗಿಯೂ ಅವುಗಳಿಗೆ ಹೊಂದಿದ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಲ್ಲಿ ಹರಡಿದಂತೆಯೂ ಈ ಪಶುಪಾಲಕ ಸಮುದಾಯ ನೆಲೆಸಿದೆ. ಜುಂಜಪ್ಪನಂತಹ ಸಾಂಸ್ಕೃತಿಕ ವೀರನನ್ನೂ ಅವನನ್ನು ಕುರಿತ ಸಮೃದ್ಧ ಮೌಖಿಕ ಕಾವ್ಯವನ್ನೂ ಕಾಪಾಡಿಕೊಂಡು ಬಂದ ಸಮುದಾಯ ಇದು. ತೀ.ನಂ. ಶಂಕರನಾರಾಯಣ ಅವರಂತಹ ವಿದ್ವಾಂಸರು ಕಾಡುಗೊಲ್ಲರ ಸಂಪ್ರದಾಯ, ನಂಬಿಕೆಗಳನ್ನು ಕುರಿತು ನಡೆಸಿದ ಅಧ್ಯಯನಗಳು ಕನ್ನಡ ಜಾನಪದ ಸಂಶೋಧನೆಯಲ್ಲಿ ಮಹತ್ವ ಪಡೆದಿವೆ. ಮುಳ್ಳಿನ ಬೇಲಿಯಿಂದ ಸುತ್ತುವರಿದ ಹಟ್ಟಿಯು ಕಾಡುಗೊಲ್ಲರ ಪಾಲಿಗೆ ವಾಸದ ನೆಲೆಯೂ ಹೌದು, ದೇವರ ನೆಲೆಯೂ ಹೌದು. ಬೇಲಿಯೊಳಗಿನದು ಮಡಿ, ಮುಟ್ಟು, ಹೆರಿಗೆಗಳ ಸೂತಕ ಬೇಲಿಯ ಹೊರಗೆ.

ಎಡ್ಗರ್ ಥರ್ಸ್ಟನ್ 1909ರಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳು ಮೈಸೂರು ಸೀಮೆಯ ಕಾಡುಗೊಲ್ಲರ ಈ ಪದ್ಧತಿಯನ್ನು ದಾಖಲಿಸಿವೆ. ಹೆತ್ತ ಹೆಣ್ಣು ಕೂಸಿನೊಡನೆ ಊರಾಚೆಯ ಸಣ್ಣ ಗುಡಿಸಲಿನಲ್ಲಿ ಏಳರಿಂದ ಮೂವತ್ತು ದಿನಗಳವರೆಗೆ ಇರುತ್ತಿದ್ದಳು. ಅವಳಿಗೆ ಕಾಯಿಲೆಯಾದರೆ ಸ್ವಜಾತಿಯವರು ಹತ್ತಿರ ಬರುವಂತಿರಲಿಲ್ಲ. ನಾಯಕ ಸಮುದಾಯದ ಹೆಂಗಸೊಬ್ಬಳನ್ನು ಆರೈಕೆಗೆ ನೇಮಿಸಿಕೊಳ್ಳುತ್ತಿದ್ದರು. ಈ ವಿವರವನ್ನು ಕೇವಲ ವಿಚಿತ್ರ ಆಚರಣೆಯ ದಾಖಲೆಯಾಗಿ ಓದಿ ಬಿಡಬಾರದು. ಆರೈಕೆಯೆಂಬುದು ಇಲ್ಲಿ ಇನ್ನೊಂದು ಜಾತಿಯ ಹೆಣ್ಣಿನ ದುಡಿಮೆಯಾಗಿ ಪರಿವರ್ತನೆಯಾಗಿದೆ. ಹೊರಗಿದ್ದವಳಿಗೆ ಬಿಡುವು ಸಿಕ್ಕಿತೋ ಇಲ್ಲವೋ, ಅವಳನ್ನು ಹೊರಗಿಟ್ಟ ವ್ಯವಸ್ಥೆ ನಡೆಯಬೇಕಾದರೆ ಬೇರೊಬ್ಬ ಹೆಣ್ಣು ದುಡಿಯಬೇಕಾಗಿತ್ತು.

ಹೊರಗನ್ನು ವಿಶ್ರಾಂತಿಯೆಂದು ಸಮರ್ಥಿಸುವ ವಾದವೊಂದು ನಮ್ಮ ನಡುವೆ ಆಗಾಗ ಕೇಳಿಬರುತ್ತದೆ. ಹಿರಿಯರು ಹೆಣ್ಣಿಗೆ ವಿರಾಮ ಸಿಗಲೆಂದೇ ಈ ಕಟ್ಟಳೆ ಮಾಡಿದ್ದರು, ಇಂದಿನ ರಜೆ ಅದರದೇ ಹೊಸ ರೂಪ ಎಂಬುದು ಆ ವಾದ. ಇದನ್ನು ಎರಡು ಕಾರಣಗಳಿಗಾಗಿ ಒಪ್ಪಲಾಗದು. ಮೊದಲನೆಯದಾಗಿ, ಹೊರಗಿನ ದಿನಗಳಲ್ಲಿ ಅಡಿಗೆಮನೆ, ದೇವರಮನೆಗಳಿಗೆ ತಡೆಯಿದ್ದರೂ ಹೊಲದ ದುಡಿಮೆಗೆ ಹಲವೆಡೆ ತಡೆಯಿಲ್ಲ. ಕಳೆ ಕೀಳುವ ಕೈಗೆ ಇಲ್ಲದ ಮೈಲಿಗೆ ಮಡಕೆ ಮುಟ್ಟುವ ಕೈಗೆ ಇದೆ. ಎರಡನೆಯದಾಗಿ, ಮಳೆ, ಚಳಿ, ಹಾವು ಚೇಳುಗಳ ಭಯದ ನಡುವೆ ಗುಡಿಸಲಿನಲ್ಲಿ ಕಳೆವ ರಾತ್ರಿ ವಿರಾಮವಲ್ಲ. 2023ರ ಜುಲೈನಲ್ಲಿ ತುಮಕೂರು ಸಮೀಪದ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಊರಾಚೆಯ ಗುಡಿಸಲಿನಲ್ಲಿ ತಾಯಿಯೊಡನೆ ಇರಿಸಲಾಗಿದ್ದ ಎಳೆಗೂಸು ತೀರಿಕೊಂಡ ಘಟನೆ ನಾಡಿನ ಗಮನ ಸೆಳೆಯಿತು. ನೂರು ವರ್ಷಗಳ ಹಿಂದಿನ ದಾಖಲೆಗೂ ಈ ಸಾವಿಗೂ ನಡುವೆ ಬದಲಾಗಬೇಕಾದುದು ಬದಲಾಗಿರಲಿಲ್ಲ.

ಶುದ್ಧಿಯ ಬೇಲಿ ಹೆಣ್ಣಿನ ಸುತ್ತ ಮಾತ್ರ ಇರುವುದಿಲ್ಲ ಎಂಬುದನ್ನೂ ಗಮನಿಸಬೇಕು. 2024ರ ಜನವರಿಯಲ್ಲಿ ತರೀಕೆರೆ ತಾಲ್ಲೂಕಿನ ಗೇರುಮರಡಿಯ ಗೊಲ್ಲರಹಟ್ಟಿಗೆ ಕೆಲಸದ ನಿಮಿತ್ತ ಹೋದ ದಲಿತ ಯುವಕನ ಮೇಲೆ ಹಲ್ಲೆ ನಡೆಯಿತೆಂಬ ದೂರು ದಾಖಲಾಯಿತು. ಮುಟ್ಟಾದವಳನ್ನು ಹೊರಗಿಡುವ ತರ್ಕ ಮತ್ತು ಮುಟ್ಟಬಾರದವನೆಂದು ಒಬ್ಬನನ್ನು ತಡೆಯುವ ತರ್ಕ ಒಂದೇ ಬೇರಿನವು. ಅಶುದ್ಧಿಯೆಂಬುದು ವಸ್ತುವಿನ ಗುಣವಲ್ಲ, ಅದು ಒಂದು ಸಮಾಜ ತನ್ನ ಗಡಿಗಳನ್ನು ಗುರುತಿಸಿಕೊಳ್ಳುವ ಬಗೆ ಎಂದು ಮಾನವಶಾಸ್ತ್ರಜ್ಞೆ ಮೇರಿ ಡಗ್ಲಸ್ 1966ರಲ್ಲಿ ಮಂಡಿಸಿದ ವಿಚಾರ ಇಲ್ಲಿ ಉಪಯುಕ್ತ. ಕಾಡುಗೊಲ್ಲರು ತಾವೇ ದೀರ್ಘಕಾಲ ಅಂಚಿನಲ್ಲಿದ್ದ ಸಮುದಾಯವೆಂಬುದನ್ನೂ, ಮೈಲಿಗೆಯ ಇದೇ ಕಲ್ಪನೆ ನಗರದ ಸುಶಿಕ್ಷಿತ ಮನೆಗಳಲ್ಲಿ ಬೇಲಿಯಿಲ್ಲದೆಯೇ ನಡೆದುಬರುತ್ತಿದೆ ಎಂಬುದನ್ನೂ ಮರೆತು ಅವರನ್ನಷ್ಟೇ ದೂರುವುದು ಸಂಶೋಧನೆಯ ಮಾರ್ಗವಲ್ಲ.

4

ಈ ತರ್ಕಕ್ಕೆ ಕನ್ನಡ ಪರಂಪರೆಯೊಳಗಿನಿಂದಲೇ ಪ್ರತಿರೋಧ ಬಂದಿದೆ. ವೀರಶೈವ ಚಿಂತನೆ ಜನನ, ಜಾತಿ, ರಜಸ್ಸು, ಉಚ್ಛಿಷ್ಟ, ಪ್ರೇತ ಎಂಬ ಐದು ಸೂತಕಗಳನ್ನು ಅಲ್ಲಗಳೆಯಿತು. ರಜಸ್ಸೂತಕವನ್ನು ಜಾತಿಸೂತಕದೊಡನೆ ಒಂದೇ ಪಟ್ಟಿಯಲ್ಲಿಟ್ಟು ತಿರಸ್ಕರಿಸಿದ್ದು ಗೇರುಮರಡಿಯ ಪ್ರಸಂಗದ ಬೆಳಕಿನಲ್ಲಿ ನೋಡಿದಾಗ ಎಷ್ಟು ದೂರದೃಷ್ಟಿಯದೆಂಬುದು ಸ್ಪಷ್ಟವಾಗುತ್ತದೆ. ಆದರೆ ಸೂತಕವಿಲ್ಲವೆಂದು ಸಾರುವುದು ಬೇರೆ, ನೋವಿದೆಯೆಂದು ಒಪ್ಪುವುದು ಬೇರೆ. ಸೂತಕದ ನಿರಾಕರಣೆ ಹೆಣ್ಣನ್ನು ಪೂಜೆಗೂ ದುಡಿಮೆಗೂ ಸಮಾನಳನ್ನಾಗಿ ಮಾಡಿತು. ಅವಳ ದೇಹಕ್ಕೆ ಬೇಕಾದ ವಿರಾಮದ ಪ್ರಶ್ನೆ ಆ ಚರ್ಚೆಯ ಕೇಂದ್ರದಲ್ಲಿರಲಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಕಡೂರಿನ ಕೋಟೆಯ ಕ್ರಿ.ಶ. 971ರ ಶಾಸನ ಸಿಗುತ್ತದೆ. ಗಂಗ ಬೂತುಗನ ಅಕ್ಕ ಪಾಂಬಬ್ಬೆ ಕೇಶಲೋಚ ಮಾಡಿಕೊಂಡು ಮೂವತ್ತು ವರ್ಷ ತಪಸ್ಸು ಮಾಡಿ ಮುಡಿಪಿದ ಸಂಗತಿಯನ್ನು ಅದು ತಿಳಿಸುತ್ತದೆ. ಈ ಸೀಮೆಯ ಹೆಣ್ಣಿನ ದೇಹ ಕಲ್ಲಿನ ಮೇಲೆ ಗೌರವದಿಂದ ದಾಖಲಾದದ್ದು ದೇಹವನ್ನು ದಂಡಿಸಿ ಗೆದ್ದಾಗ. ನೋಯುವ ದೇಹ, ದಣಿಯುವ ದೇಹ ಶಾಸನಕ್ಕೆ ವಿಷಯವಾಗುವುದಿಲ್ಲ. ಅದು ವಿಷಯವಾಗಬೇಕಾದರೆ ಕಾದಂಬರಿಯಂತಹ ಆಧುನಿಕ ಪ್ರಕಾರ ಬರಬೇಕಾಯಿತು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಇದಕ್ಕೆ ಉತ್ತಮ ನಿದರ್ಶನ. ಬಾಲವಿಧವೆ ಮೈನೆರೆದ ಕೂಡಲೇ ಅವಳ ತಲೆ ಬೋಳಿಸುವ ವ್ಯವಸ್ಥೆಯನ್ನೂ, ಜೀವನವಿಡೀ ಮಡಿಯಲ್ಲಿದ್ದ ಅದೇ ಹೆಣ್ಣು ಮಡಿಯನ್ನು ಬದಿಗಿಟ್ಟು ದಲಿತ ಹೆಣ್ಣಿನ ಹೆರಿಗೆಗೆ ನೆರವಾಗುವುದನ್ನೂ ಆ ಕೃತಿ ಒಟ್ಟಿಗೆ ಚಿತ್ರಿಸುತ್ತದೆ. ಮುಟ್ಟಬಾರದ್ದನ್ನು ಮುಟ್ಟುವ ಕ್ಷಣವೇ ಅಲ್ಲಿ ಆರೈಕೆಯ ಕ್ಷಣ. ಹಿಂದೆ ಹೇಳಿದ ಇಲ್ಲದ ಕರ್ತೃ ಕಾದಂಬರಿಯಲ್ಲಿ ಕಾಣಿಸಿಕೊಳ್ಳುವುದು ಹೀಗೆ.

5

ಇನ್ನು ಕಾನೂನಿನ ದಾರಿಯನ್ನು ನೋಡಬಹುದು. ದುಡಿಯುವ ಹೆಣ್ಣಿನ ಹೆರಿಗೆಯ ವಿರಾಮಕ್ಕೆ ಹಣ ಕೊಡುವ ಹೊಣೆ ಮಾಲೀಕನದು ಎಂಬ ತತ್ತ್ವ ಭಾರತದಲ್ಲಿ 1929ರ ಮುಂಬಯಿ ಪ್ರಾಂತದ ಕಾಯಿದೆಯಿಂದ ಆರಂಭವಾಗಿ 1961ರ ಹೆರಿಗೆ ಸೌಲಭ್ಯ ಕಾಯಿದೆಯಲ್ಲಿ ದೇಶವ್ಯಾಪಿ ರೂಪ ಪಡೆಯಿತು. ಆ ಕಾಯಿದೆ ಗರ್ಭಸ್ರಾವಕ್ಕೆ 6 ವಾರ, ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಗೆ 2 ವಾರಗಳ ವೇತನಸಹಿತ ರಜೆಯನ್ನು ಗುರುತಿಸಿತ್ತು. 2017ರ ತಿದ್ದುಪಡಿ ಹೆರಿಗೆ ರಜೆಯನ್ನು ಮೊದಲ ಎರಡು ಮಕ್ಕಳಿಗೆ 26 ವಾರಗಳಿಗೆ ಏರಿಸಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಈ ಅವಕಾಶಗಳು ಸೇರಿಕೊಂಡವು. ಕನ್ನಡದ ಮಾತಿನಲ್ಲಿ ಹೇಳುವುದಾದರೆ ತವರಿನ ಬಾಣಂತನಕ್ಕೆ ಕಚೇರಿಯೂ ಕರ್ತೃವಾಯಿತು.

ಮುಟ್ಟಿನ ವಿಷಯದಲ್ಲಿ ಈ ಹೆಜ್ಜೆ ನಿಧಾನವಾಗಿ ಬಂತು. ಜಪಾನ್ 1947ರ ಕಾರ್ಮಿಕ ಕಾಯಿದೆಯಲ್ಲಿಯೇ ಮುಟ್ಟಿನ ರಜೆಗೆ ಅವಕಾಶ ಕೊಟ್ಟಿತು. ಭಾರತದಲ್ಲಿ ಬಿಹಾರ ಸರ್ಕಾರ 1992ರಿಂದ ತನ್ನ ಮಹಿಳಾ ನೌಕರರಿಗೆ ತಿಂಗಳಿಗೆ 2 ದಿನ ವಿಶೇಷ ರಜೆ ನೀಡುತ್ತ ಬಂದಿದೆ. ಸ್ಪೇನ್ 2023ರಲ್ಲಿ ತೀವ್ರ ನೋವಿನ ಸಂದರ್ಭಕ್ಕೆ ರಜೆಯ ಕಾಯಿದೆ ಮಾಡಿತು. ಕರ್ನಾಟಕದಲ್ಲಿ ಸರ್ಕಾರ ನೇಮಿಸಿದ ತಜ್ಞರ ಸಮಿತಿಯ ಶಿಫಾರಸು ಹಾಗೂ ಸಂಬಂಧಪಟ್ಟವರೊಡನೆ ನಡೆದ ಸಮಾಲೋಚನೆಯ ತರುವಾಯ 12 ದಿನಗಳ ನೀತಿ ರೂಪುಗೊಂಡಿತು. 2025ರ ನವೆಂಬರ್‌ನ ಆದೇಶ 18ರಿಂದ 52 ವರ್ಷದ ಮಹಿಳೆಯರಿಗೆ, ಖಾಯಂ, ಗುತ್ತಿಗೆ, ಹೊರಗುತ್ತಿಗೆ ಎಂಬ ಭೇದವಿಲ್ಲದೆ, ವೈದ್ಯಕೀಯ ಪ್ರಮಾಣಪತ್ರದ ಅಗತ್ಯವಿಲ್ಲದೆ ಈ ರಜೆಯನ್ನು ಅನ್ವಯಿಸಿತು. ಕಾರ್ಖಾನೆ, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆ, ಪ್ಲಾಂಟೇಷನ್, ಬೀಡಿ ಸಿಗಾರು, ಮೋಟಾರು ಸಾರಿಗೆ ಕುರಿತ ಕಾಯಿದೆಗಳಡಿ ನೋಂದಾಯಿತ ಸಂಸ್ಥೆಗಳು ಅದರ ವ್ಯಾಪ್ತಿಗೆ ಬಂದವು. ಡಿಸೆಂಬರ್‌ನಲ್ಲಿ ಸರ್ಕಾರಿ ನೌಕರರಿಗೂ ಆದೇಶ ಹೊರಟಿತು. ಬೆಂಗಳೂರಿನ ಹೋಟೆಲ್ ಮಾಲೀಕರ ಸಂಘವು ಆದೇಶವನ್ನು ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿತು. ನ್ಯಾಯಾಲಯ 2025ರ ಡಿಸೆಂಬರ್ 9ರಂದು ಮಧ್ಯಂತರ ತಡೆ ನೀಡಿ ಅದೇ ದಿನ ಅದನ್ನು ಹಿಂಪಡೆಯಿತು.

ರಜೆಯ ವಿರುದ್ಧದ ವಾದಗಳನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇಂತಹ ರಜೆ ಕಡ್ಡಾಯವಾದರೆ ಮಾಲೀಕರು ಹೆಣ್ಣುಮಕ್ಕಳನ್ನು ನೇಮಿಸಿಕೊಳ್ಳಲು ಹಿಂಜರಿಯಬಹುದು ಎಂಬ ಆತಂಕವನ್ನು ಸರ್ವೋಚ್ಚ ನ್ಯಾಯಾಲಯ 2024ರ ಜುಲೈನಲ್ಲಿ ವ್ಯಕ್ತಪಡಿಸಿ, ಇದು ಸರ್ಕಾರ ನಿರ್ಧರಿಸಬೇಕಾದ ನೀತಿಯ ವಿಷಯವೆಂದು ಹೇಳಿತು. ಮುಟ್ಟು ಅಂಗವೈಕಲ್ಯವಲ್ಲ ಎಂಬ ಮಾತು 2023ರ ಡಿಸೆಂಬರ್‌ನಲ್ಲಿ ರಾಜ್ಯಸಭೆಯಲ್ಲಿ ಆಗಿನ ಕೇಂದ್ರ ಸಚಿವೆಯಿಂದ ಬಂತು. ಆದರೆ ಸಹಜವಾದುದೆಲ್ಲ ನೋವಿಲ್ಲದ್ದು ಎಂದಾಗುವುದಿಲ್ಲ, ಹೆರಿಗೆಯೂ ಸಹಜವೇ. ಗರ್ಭಕೋಶದ ಒಳಪದರದಲ್ಲಿ ಉತ್ಪತ್ತಿಯಾಗುವ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ಸ್ನಾಯುಗಳನ್ನು ಸಂಕೋಚಗೊಳಿಸುವುದರಿಂದ ನೋವು ಬರುತ್ತದೆ. ಎಂಡೋಮೆಟ್ರಿಯೋಸಿಸ್ ಎಂಬ ವ್ಯಾಧಿ ಸಂತಾನೋತ್ಪತ್ತಿಯ ವಯಸ್ಸಿನ ಸುಮಾರು ಶೇ. 10ರಷ್ಟು ಮಹಿಳೆಯರನ್ನು ಬಾಧಿಸುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆಯಿತ್ತು. ನೋವು ಎಲ್ಲರಿಗೂ ಒಂದೇ ಸಮನಲ್ಲ. ಆದ್ದರಿಂದಲೇ ರಜೆಯು ಎಲ್ಲರ ಮೇಲೆ ಹೇರುವ ವಿಧಿಯಾಗದೆ ಬೇಕಾದವಳಿಗೆ ಒದಗುವ ಅವಕಾಶವಾಗಿರಬೇಕಾಗುತ್ತದೆ.

6

ಈ ಹಿನ್ನೆಲೆಯಲ್ಲಿ ನಮ್ಮ ಮೂರು ತಾಲ್ಲೂಕುಗಳಿಗೆ ಮರಳಿದಾಗ ಎರಡು ಸಮಸ್ಯೆಗಳು ಎದುರಾಗುತ್ತವೆ.

ಮೊದಲನೆಯದು, ರಜೆ ಯಾರಿಗೆ ಸಿಗುತ್ತದೆ ಎಂಬುದು. ಆದೇಶ ಹೆಸರಿಸಿದ ಕಾಯಿದೆಗಳ ವ್ಯಾಪ್ತಿಗೆ ಲಿಂಗದಹಳ್ಳಿ ಕಡೆಯ ನೋಂದಾಯಿತ ಕಾಫಿ ತೋಟದ ಕಾರ್ಮಿಕಳು ಬರಬಹುದು. ತರೀಕೆರೆಯ ಮನೆಯಂಗಳದಲ್ಲಿ ಅಳತೆಯ ಲೆಕ್ಕದಲ್ಲಿ ಅಡಿಕೆ ಸುಲಿಯುವವಳು, ಅಜ್ಜಂಪುರದ ಈರುಳ್ಳಿ ಹೊಲದ ಕೂಲಿಯವಳು, ಕಡೂರಿನಲ್ಲಿ ನಾಲ್ಕು ಮನೆಗಳ ಪಾತ್ರೆ ತೊಳೆಯುವವಳು ಬರುವುದಿಲ್ಲ. ‘ಸಂಬಳ’ ಮತ್ತು ‘ಕೂಲಿ’ ಎಂಬ ಎರಡು ಪದಗಳ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ. ಸಂಬಳ ತಿಂಗಳಿನದು, ಅದರೊಳಗೆ ಬಿಡುವಿಗೆ ಎಡೆಯಿದೆ. ಕೂಲಿ ದಿನದ್ದು, ಬಾರದ ದಿನಕ್ಕೆ ಅದು ಇಲ್ಲ. ಆಶಾ ಕಾರ್ಯಕರ್ತೆಯರಿಗೆ ಸಲ್ಲುವುದು ‘ಗೌರವಧನ’. ಊರಿನ ಎಲ್ಲ ಬಾಣಂತಿಯರ ಲೆಕ್ಕ ಇಡುವವಳ ದುಡಿಮೆಗೆ ವೇತನವೆಂಬ ಹೆಸರೇ ಇಲ್ಲ. ಕಾರ್ಯಭಾರದ ಗಂಟೆಗಳನ್ನು ಆಧರಿಸಿ ನೇಮಕಗೊಳ್ಳುವ ಅತಿಥಿ ಉಪನ್ಯಾಸಕಿಯರ ಸ್ಥಿತಿ ಈ ಪತ್ರಿಕೆಯ ಓದುಗರಿಗೆ ಅಪರಿಚಿತವಲ್ಲ. ಕಾಲೇಜಿನ ಕನ್ನಡದಲ್ಲಿ ‘ಪೀರಿಯಡ್’ ಎಂಬ ಒಂದೇ ಪದ ತರಗತಿಯ ಅವಧಿಯನ್ನೂ ಮುಟ್ಟನ್ನೂ ಸೂಚಿಸುವುದು ಅವರ ಪಾಲಿಗೆ ಕೇವಲ ಶ್ಲೇಷೆಯಲ್ಲ. ಒಂದು ತಪ್ಪಿದರೆ ಇನ್ನೊಂದರ ನೋವಿನ ಜೊತೆಗೆ ನೇಮಕದ ಆತಂಕವೂ ಸೇರಿಕೊಳ್ಳುತ್ತದೆ.

ಬಿಡುವಿಲ್ಲದ ದುಡಿಮೆ ದೇಹವನ್ನು ಎಲ್ಲಿಗೆ ಒಯ್ಯಬಲ್ಲದೆಂಬುದಕ್ಕೆ ಕಠೋರ ನಿದರ್ಶನಗಳಿವೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಮಹಿಳೆಯರಲ್ಲಿ ಅನೇಕರು ಗರ್ಭಕೋಶ ತೆಗೆಸಿಕೊಂಡಿರುವ ಸಂಗತಿ 2019ರಲ್ಲಿ ಬೆಳಕಿಗೆ ಬಂತು. ಅಲ್ಲಿ ಕೆಲಸಕ್ಕೆ ಬಾರದ ದಿನಕ್ಕೆ ಗುತ್ತಿಗೆದಾರನಿಗೆ ದಂಡ ತೆರಬೇಕಾಗಿತ್ತು. ನಮ್ಮ ಸೀಮೆಯೂ ಇದಕ್ಕೆ ದೂರವಲ್ಲ. 2010ರ ದಶಕದಲ್ಲಿ ಕಡೂರು ತಾಲ್ಲೂಕಿನ ಬೀರೂರು ಸುತ್ತಿನ ಲಂಬಾಣಿ ತಾಂಡಾಗಳ ಮಹಿಳೆಯರಿಗೆ ಅನಗತ್ಯವಾಗಿ ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆ ನಡೆಸಲಾಗಿದೆ ಎಂಬ ಆರೋಪ ಸಾರ್ವಜನಿಕ ಚರ್ಚೆಗೆ ಬಂದಿತ್ತು. ಅದೇ ದಶಕದಲ್ಲಿ ಕಲಬುರಗಿಯಿಂದಲೂ ಇಂತಹ ದೂರುಗಳು ಬಂದವು. ಹೊಟ್ಟೆನೋವೆಂದು ಹೋದವಳಿಗೆ ಔಷಧಿ, ವಿಶ್ರಾಂತಿ, ನಿಜವಾದ ತಿಳಿವಳಿಕೆ ಸಿಗದೆ ಅಂಗವೇ ಹೋಗುವುದಾದರೆ ಅದು ವೈದ್ಯಕೀಯದ ವೈಫಲ್ಯ ಮಾತ್ರವಲ್ಲ. ಮುಟ್ಟಿನ ನೋವನ್ನು ಹೇಳುವ, ಕೇಳುವ, ನಂಬುವ ಸಾಮಾಜಿಕ ನುಡಿ ಇಲ್ಲದಿರುವುದರ ಪರಿಣಾಮವೂ ಹೌದು.

ಎರಡನೆಯ ಸಮಸ್ಯೆ, ರಜೆಯನ್ನು ಕೇಳುವ ಬಗೆ. ಸರ್ಕಾರಿ ನೌಕರರ ಆದೇಶದ ಪ್ರಕಾರ ಸಾಂದರ್ಭಿಕ ರಜೆ ಮಂಜೂರು ಮಾಡುವ ಅಧಿಕಾರಿಯೇ ಇದನ್ನೂ ಮಂಜೂರು ಮಾಡಬೇಕು. ಹಾಜರಿ ಪುಸ್ತಕದಲ್ಲಿ ಇದನ್ನು ಪ್ರತ್ಯೇಕವಾಗಿ ನಮೂದಿಸಬೇಕು. ಆಡಳಿತದ ದೃಷ್ಟಿಯಿಂದ ಇದು ಸಹಜವಾದ ಕ್ರಮ. ಆದರೆ ಹತ್ತು ಮಂದಿ ಸಹಿ ಹಾಕುವ ಸಣ್ಣ ಊರಿನ ಕಚೇರಿಯಲ್ಲಿ ಆ ಪ್ರತ್ಯೇಕ ನಮೂದು ಒಬ್ಬಳ ದೇಹದ ತಿಂಗಳ ಲೆಕ್ಕವನ್ನು ಎಲ್ಲರ ಮುಂದೆ ತೆರೆದಿಡುತ್ತದೆ. ಇದುವರೆಗೆ ‘ಅನಾರೋಗ್ಯ ನಿಮಿತ್ತ’, ‘ಅನಿವಾರ್ಯ ಕಾರಣದಿಂದ’ ಎಂಬ ಅರ್ಜಿಯ ಮಾತುಗಳು ಒದಗಿಸುತ್ತಿದ್ದ ಮರೆ ಇಲ್ಲವಾಗುತ್ತದೆ. ಹಟ್ಟಿಯ ಹೊರಗಿನ ಗುಡಿಸಲು ಮಾಡುವುದೂ ಇದನ್ನೇ. ಅವಳು ಈಗ ಯಾವ ಸ್ಥಿತಿಯಲ್ಲಿದ್ದಾಳೆಂಬುದನ್ನು ಊರಿಗೆಲ್ಲ ತಿಳಿಸುವುದು. ಜಪಾನಿನಲ್ಲಿ ಏಳು ದಶಕಗಳ ಬಳಿಕ, 2020ರ ಸರ್ಕಾರಿ ಸಮೀಕ್ಷೆಯಲ್ಲಿ, ಈ ರಜೆ ಕೋರಿದ ಮಹಿಳೆಯರ ಪ್ರಮಾಣ ಶೇ. 1ಕ್ಕಿಂತ ಕಡಿಮೆ ಇದ್ದುದು ಎಚ್ಚರಿಕೆಯ ಪಾಠ. ಕಾಯಿದೆ ಕೊಟ್ಟದ್ದನ್ನು ಸಂಕೋಚ ಹಿಂದಕ್ಕೆ ಪಡೆಯಬಲ್ಲದು.

ಹಾಗಾದರೆ ರಜೆಗೂ ಹೊರಗಿಗೂ ಇರುವ ಅಂತರವನ್ನು ಯಾವ ಒರೆಗಲ್ಲಿನಿಂದ ಅಳೆಯಬೇಕು? ಈವರೆಗಿನ ಚರ್ಚೆಯ ಆಧಾರದಿಂದ ನಾಲ್ಕು ಅಂಶಗಳನ್ನು ಸೂಚಿಸಬಹುದು. ನಿರ್ಧಾರ ಯಾರದು: ಹೊರಗನ್ನು ಸಮುದಾಯ ವಿಧಿಸುತ್ತದೆ, ರಜೆಯನ್ನು ಅವಳು ಆಯ್ದುಕೊಳ್ಳಬೇಕು, ಬೇಡವೆನ್ನುವ ಸ್ವಾತಂತ್ರ್ಯವೂ ಅವಳಿಗಿರಬೇಕು. ಬೆಲೆ ಯಾರು ತೆರುತ್ತಾರೆ: ಹೊರಗಿನ ಬೆಲೆ ಅವಳದು ಅಥವಾ ಇನ್ನೊಬ್ಬ ಹೆಣ್ಣಿನದು, ರಜೆಯ ಬೆಲೆ ದುಡಿಸಿಕೊಳ್ಳುವ ಸಂಸ್ಥೆಯದು. ಎಲ್ಲಿ ಇರಬೇಕು: ಹೊರಗು ಸ್ಥಳವನ್ನು ಗೊತ್ತುಪಡಿಸುತ್ತದೆ, ರಜೆ ಗೊತ್ತುಪಡಿಸುವುದಿಲ್ಲ. ಮರಳುವುದು ಹೇಗೆ: ಹೊರಗಿನಿಂದ ಮರಳಲು ಶುದ್ಧೀಕರಣ ಬೇಕು, ರಜೆಯಿಂದ ಮರಳಲು ಏನೂ ಬೇಕಿಲ್ಲ. 2020ರ ಜನವರಿಯಿಂದ ಜಾರಿಯಲ್ಲಿರುವ ಅಮಾನವೀಯ ದುಷ್ಟ ಪದ್ಧತಿಗಳ ಪ್ರತಿಬಂಧಕ ಕಾಯಿದೆಯು (2017) ಮುಟ್ಟಾದ ಅಥವಾ ಗರ್ಭಿಣಿಯಾದ ಮಹಿಳೆಯರನ್ನು ಬೇರ್ಪಡಿಸುವುದನ್ನೂ ಅವರಿಗೆ ಊರೊಳಕ್ಕೆ ಮರುಪ್ರವೇಶ ತಡೆಯುವುದನ್ನೂ ಅಪರಾಧಗಳ ಪಟ್ಟಿಯಲ್ಲಿ ಸೇರಿಸಿತು. ಒಂದು ಕಾಯಿದೆ ಹೊರಗನ್ನು ನಿಷೇಧಿಸುತ್ತದೆ, ಒಂದು ನೀತಿ ರಜೆಯನ್ನು ಕೊಡುತ್ತದೆ. ಇವೆರಡೂ ಪರಸ್ಪರ ವಿರುದ್ಧವಲ್ಲ. ಒಂದೇ ಹಕ್ಕಿನ ಎರಡು ಮುಖಗಳು. ಆದರೆ ಎರಡನ್ನೂ ಕೂಡಿಸಿ ನೋಡುವ ದೃಷ್ಟಿ ನಮ್ಮ ಆಡಳಿತದಲ್ಲಿಯೂ ಅಧ್ಯಯನದಲ್ಲಿಯೂ ಇನ್ನೂ ಬೆಳೆಯಬೇಕಾಗಿದೆ. ಕಾಯಿದೆಯ ಮೂಲಕ ಹಟ್ಟಿಯ ಹೆಣ್ಣಿಗೆ ಹೊರಗು ತಪ್ಪಿದರೂ ಕೂಲಿಯ ದಿನಕ್ಕೆ ಬಿಡುವು ಸಿಗದಿದ್ದರೆ ಅವಳಿಗೆ ದೊರೆತದ್ದು ಅರ್ಧ ನ್ಯಾಯ.

ಕನ್ನಡ ವಿಭಾಗಗಳಿಗೆ ಇಲ್ಲಿ ನಿರ್ದಿಷ್ಟವಾದ ಕೆಲಸವಿದೆ. ಮುಟ್ಟು, ಹೆರಿಗೆ, ಮುಟ್ಟು ನಿಲ್ಲುವಿಕೆಗಳ ಪ್ರಾದೇಶಿಕ ಪದಗಳನ್ನು ಹಟ್ಟಿ, ತಾಂಡಾ, ಕೇರಿಗಳ ಹೆಣ್ಣುಮಕ್ಕಳಿಂದಲೇ, ಅವರ ಒಪ್ಪಿಗೆಯೊಡನೆ ಸಂಗ್ರಹಿಸುವುದು ಒಂದು. ಆಡಳಿತದ ಕನ್ನಡದಲ್ಲಿ ರಜೆಯ ಅರ್ಜಿಗೆ ಮುಜುಗರವಿಲ್ಲದ, ವಿವರಣೆ ಬೇಡದ ಒಂದು ಸರಳ ನಮೂನೆಯನ್ನು ರೂಪಿಸಿಕೊಡುವುದು ಇನ್ನೊಂದು. ‘ಬಾಣಂತನ’ ಎಂಬ ಪದವನ್ನು ಸೃಷ್ಟಿಸಿಕೊಂಡ ನುಡಿಗೆ ಮುಟ್ಟಿನ ದಿನಗಳ ಆರೈಕೆಗೂ ಒಂದು ಪದವನ್ನು ಕಂಡುಕೊಳ್ಳುವ ಶಕ್ತಿ ಇಲ್ಲವೆನ್ನಲಾಗದು. ಅಂತಹ ಪದ ಹುಟ್ಟುವುದು ನಿಘಂಟಿನ ಕೋಣೆಯಲ್ಲಲ್ಲ. ಯಾರೋ ಒಬ್ಬರು ಆ ಆರೈಕೆಯನ್ನು ಮಾಡತೊಡಗಿದಾಗ ಅದು ತಾನಾಗಿ ಬರುತ್ತದೆ. ಈ ದಿಸೆಯಲ್ಲಿ ಹೆಚ್ಚಿನ ಕ್ಷೇತ್ರಕಾರ್ಯ ಆಧಾರಿತ ಅಧ್ಯಯನಗಳು ನಡೆಯಬೇಕಾದ ಅಗತ್ಯವಿದೆ.